ಆರು ದಿನದ ರಜೆ

ಅಣ್ಣನ ಮೊಮ್ಮಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹೋದ ತಿಂಗಳು ಅವನಿಂದ ಮೆಸೇಜು ಬಂತು. ‘ಅಜ್ಜಾ, ಒಳ್ಳೊಳ್ಳೆ ಯುದ್ಧದ ಸಿನಿಮಾ ಹೇಳಿ. ಹಾಲಿವುಡ್‌ನವು ಬೇಡ, ಅವೆಲ್ಲ ನೋಡಿಯಾಯ್ತು.’ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರದ ಮೊದಲ ಅರ್ಧ ಗಂಟೆಯನ್ನು ಅವನು ಶಾಟು ಶಾಟಾಗಿ ವಿವರಿಸಬಲ್ಲ. ಅಂಥವನು ಕೇಳಿದನಲ್ಲ ಅಂತ ಖುಷಿಯಿಂದಲೇ ಪಟ್ಟಿ ಬರೆಯಲು ಕೂತೆ. ಹೆಸರುಗಳೇನೋ ಬಂದವು. ಆದರೆ ಒಂದೊಂದರ ಬೆನ್ನಿಗೂ ಆ ಸಿನಿಮಾ ನೋಡಿದ ಜಾಗ, ಆ ದಿನದ ಮಳೆ, ಪಕ್ಕದಲ್ಲಿ ಕೂತಿದ್ದವರ ಮಾತು ಎದ್ದು ಬಂದವು. ಅವನಿಗೆ ಹೆಸರುಗಳನ್ನು, ಜೊತೆಗೆ ಒಂದೆರಡು ಸಲಹೆಯನ್ನಷ್ಟೇ ಕಳಿಸಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹಾಸನ ಜಿಲ್ಲೆಯಲ್ಲಿ ಕೊಡಗಿನ ಗಡಿಗೆ ತಾಗಿಕೊಂಡಿರುವ ಊರು. ಒಂದು ಮಗ್ಗುಲಿಗೆ ಕಾಫಿ ತೋಟ, ಇನ್ನೊಂದು ಮಗ್ಗುಲಿಗೆ ಗದ್ದೆ ಬಯಲು. ಗಡಿಯಾಚೆಯ ಗಾಳಿ ನಮ್ಮಲ್ಲೂ ಬೀಸುತ್ತಿತ್ತು. ಬೀದಿಗೆ ಇಬ್ಬರು ಮೂವರು ಮಿಲಿಟರಿಯಲ್ಲಿದ್ದರು; ಹೋಟೆಲಿನ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲೇ ಕೊಡಗಿನ ಜನರಲ್‌ಗಳಾದ ಕಾರ್ಯಪ್ಪ, ತಿಮ್ಮಯ್ಯನವರ ಫೋಟೋ ಇರುತ್ತಿದ್ದವು. 1980ರ ಸುಮಾರಿಗೆ ನಾನು ಅಲ್ಲಿನ ಹೈಸ್ಕೂಲಿಗೆ ಮೇಷ್ಟರಾಗಿ ಸೇರಿದಾಗ ಒಬ್ಬರು ವಕೀಲರು, ಒಬ್ಬರು ಬ್ಯಾಂಕಿನವರು, ಒಬ್ಬರು ಪಶುವೈದ್ಯರು ಸೇರಿಕೊಂಡು ಫಿಲ್ಮ್ ಸೊಸೈಟಿ ಕಟ್ಟಿದ್ದರು. ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಲ್ಲೇ ಶುರುವಾಗಿತ್ತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಜಗತ್ತಿನ ದೊಡ್ಡ ದೊಡ್ಡ ಸಿನಿಮಾಗಳನ್ನು ತಂದು ಹಳ್ಳಿಯವರ ಮುಂದಿಟ್ಟಿದ್ದರು. ಅಲ್ಲಿ ಆಗುವುದಾದರೆ ಇಲ್ಲಿ ಯಾಕೆ ಆಗಬಾರದು ಅನ್ನುವುದು ವಕೀಲರ ಹಟ. ಪುಣೆಯ ಫಿಲ್ಮ್ ಆರ್ಕೈವಿನಿಂದ, ರಾಯಭಾರ ಕಚೇರಿಗಳಿಂದ ತಗಡಿನ ಪೆಟ್ಟಿಗೆಗಳಲ್ಲಿ ರೀಲುಗಳು ಬಸ್ಸಿನ ಟಾಪು ಏರಿ ಬರುತ್ತಿದ್ದವು. ತೋರಿಸುತ್ತಿದ್ದದ್ದು ಸಹಕಾರ ಸಂಘದ ಗೋಡೌನಿನಲ್ಲಿ. ಗೊಬ್ಬರದ ಮೂಟೆಗಳನ್ನು ಒಂದು ಬದಿಗೆ ಪೇರಿಸಿದರೆ ನೂರಿನ್ನೂರು ಜನಕ್ಕೆ ಜಾಗವಾಗುತ್ತಿತ್ತು.

ಪ್ರೊಜೆಕ್ಟರ್ ನಡೆಸುವುದನ್ನು ನನಗೆ ಕಲಿಸಿದವರು ಪಶುವೈದ್ಯರು. 16 ಎಂಎಂ ಫಿಲ್ಮನ್ನು ಮೇಲಿನ ಹಲ್ಲುಗಾಲಿಗೆ ಸಿಕ್ಕಿಸಿ, ದೀಪದ ಮುಂದಿನ ಗೇಟಿನೊಳಗೆ ಇಳಿಸಿ, ಕೆಳಗಿನ ಗಾಲಿಗೆ ಕೊಡಬೇಕು. ಕೊಡುವಾಗ ಗೇಟಿನ ಮೇಲೊಂದು, ಕೆಳಗೊಂದು ಸಡಿಲ ಕುಣಿಕೆ ಬಿಡಬೇಕು. ಕುಣಿಕೆ ಬಿಗಿಯಾಯಿತೋ, ಪರದೆಯ ಮೇಲೆ ಚಿತ್ರ ನಡುಗುತ್ತದೆ, ಅಂಚಿನ ತೂತುಗಳು ಹರಿಯುತ್ತವೆ. ಹರಿದರೆ ಅಲ್ಲಿಗೇ ನಿಲ್ಲಿಸಿ, ತುದಿಯ ಲೇಪವನ್ನು ಬ್ಲೇಡಿನಿಂದ ಕೆರೆದು, ಫಿಲ್ಮ್ ಸಿಮೆಂಟು ಹಚ್ಚಿ, ಎರಡು ತುದಿಗಳನ್ನೂ ಒತ್ತಿ ಹಿಡಿದು ಕಾಯಬೇಕು. ಪಶುವೈದ್ಯರ ಬೆರಳುಗಳಿಗೆ ಈ ಕೆಲಸ ಒಲಿದಿತ್ತು. 1600 ಅಡಿಯ ರೀಲು ಮುಕ್ಕಾಲು ಗಂಟೆಯ ಹತ್ತಿರ ಓಡುತ್ತದೆ. ನಮ್ಮಲ್ಲಿದ್ದದ್ದು ಒಂದೇ ಪ್ರೊಜೆಕ್ಟರ್. ಹಾಗಾಗಿ ರೀಲು ಬದಲಿಸುವಾಗೆಲ್ಲ ಲೈಟು ಹಾಕುತ್ತಿದ್ದೆವು, ಜನ ಬೀಡಿ ಹಚ್ಚಲು ಎದ್ದು ಹೋಗುತ್ತಿದ್ದರು, ಹೆಂಗಸರು ತಮ್ಮತಮ್ಮಲ್ಲಿ ಮಾತಾಡುತ್ತಿದ್ದರು. ಇಂಗ್ಲಿಷ್ ಅಡಿಬರಹ ಓದಬಲ್ಲವರು ಕಡಿಮೆ. ಅದಕ್ಕಾಗಿ ಕಥೆಯ ಸಾರಾಂಶವನ್ನು ಕನ್ನಡದಲ್ಲಿ ಬರೆದು, ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಮಾಡಿ ಹಂಚುವುದು ನನ್ನ ಜವಾಬ್ದಾರಿ. ಓದಲು ಬಾರದವರಿಗಾಗಿ ವಕೀಲರು ಅದನ್ನೇ ಗಟ್ಟಿಯಾಗಿ ಓದುತ್ತಿದ್ದರು. ಕಥೆ ಮೊದಲೇ ಗೊತ್ತಾದರೆ ಸ್ವಾರಸ್ಯ ಕೆಡುತ್ತದೆ ಎಂದು ಯಾರೂ ದೂರಲಿಲ್ಲ. ಯಕ್ಷಗಾನ, ಹರಿಕಥೆ ನೋಡಿ ಬೆಳೆದವರಿಗೆ ಕಥೆ ಗೊತ್ತಿರುವುದೇ ಸಹಜ.

ಯುದ್ಧದ ಸಿನಿಮಾ ಬಂದರೆ ಗೋಡೌನು ತುಂಬುತ್ತಿತ್ತು. ಮೊದಲು ತುಂಬಿಸಿದ್ದು ರಷ್ಯಾದ ‘ಬ್ಯಾಲಡ್ ಆಫ್ ಎ ಸೋಲ್ಜರ್’. 1959ರ ಚಿತ್ರ, ಗ್ರಿಗೊರಿ ಚುಖ್ರಾಯ್ ನಿರ್ದೇಶನ. ಚುಖ್ರಾಯ್ ಸ್ವತಃ ಪ್ಯಾರಾಟ್ರೂಪರ್ ಆಗಿ ಹೋರಾಡಿ ಗಾಯಗೊಂಡಿದ್ದವರು. ಕಥೆ ಇಷ್ಟೇ. ಹತ್ತೊಂಬತ್ತರ ಹುಡುಗ ಅಲ್ಯೋಶ, ಸಿಗ್ನಲ್ ವಿಭಾಗದವನು, ಹೆದರಿ ಓಡುತ್ತ ಓಡುತ್ತ ಎರಡು ಟ್ಯಾಂಕುಗಳನ್ನು ಹೊಡೆದುರುಳಿಸುತ್ತಾನೆ. ಟ್ಯಾಂಕು ಅವನನ್ನು ಅಟ್ಟಿಸಿಕೊಂಡು ಬರುವಾಗ ಕ್ಯಾಮೆರಾ ಮಗುಚುತ್ತದೆ. ನೆಲ ಮೇಲೆ, ಆಕಾಶ ಕೆಳಗೆ. ಜನರಲ್ ಪದಕ ಕೊಡುತ್ತೇನೆ ಅಂದಾಗ ಹುಡುಗ ಕೇಳುವುದು ರಜೆ. ಅಮ್ಮನಿಗೆ ಹೇಳಿ ಬರಲು ಆಗಿರಲಿಲ್ಲ, ಮನೆಯ ಸೂರು ಸೋರುತ್ತಿದೆ ಅಂತ ಕಾಗದ ಬಂದಿದೆ ಅನ್ನುತ್ತಾನೆ. ಹೋಗಲು ಎರಡು ದಿನ, ಬರಲು ಎರಡು ದಿನ, ಸೂರಿಗೆ ಎರಡು ದಿನ: ಒಟ್ಟು ಆರು ದಿನ ಸಿಗುತ್ತದೆ. ದಾರಿಯಲ್ಲಿ ಕಾಲು ಕಳೆದುಕೊಂಡ ಸೈನಿಕನೊಬ್ಬನನ್ನು ಅವನ ಹೆಂಡತಿಯ ಹತ್ತಿರ ಮುಟ್ಟಿಸುವುದು, ಯಾರದೋ ಮನೆಗೆ ಎರಡು ಸೋಪು ಒಪ್ಪಿಸುವುದು, ಗೂಡ್ಸ್ ಗಾಡಿಯಲ್ಲಿ ಜೊತೆಯಾದ ಶೂರಾ ಎಂಬ ಹುಡುಗಿ, ಬಾಂಬು ಬಿದ್ದು ಹೊತ್ತಿದ ರೈಲು. ಹೀಗೆ ರಜೆಯೆಲ್ಲ ದಾರಿಯಲ್ಲೇ ಕರಗುತ್ತದೆ. ಅಮ್ಮನ ಜೊತೆ ನಿಂತಿರಲು ಅವನಿಗೆ ಉಳಿಯುವುದು ಕೆಲವೇ ನಿಮಿಷ. ಅವನು ಯುದ್ಧದಿಂದ ಮರಳುವುದಿಲ್ಲ ಎಂಬುದನ್ನು ಸಿನಿಮಾ ಮೊದಲಲ್ಲೇ ಹೇಳಿಬಿಟ್ಟಿರುತ್ತದೆ.

ನಮ್ಮ ಕಡೆಯ ಹುಡುಗರು ರಜಕ್ಕೆ ಬರುತ್ತಿದ್ದದ್ದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಬಂದವನಿಗೆ ಎರಡು ದಿನ ಕೋಳಿ ಸಾರು, ನೆಂಟರ ಮನೆ. ಮೂರನೇ ದಿನ ಏಣಿ ಹಾಕಿ ಮಾಡು ಹತ್ತಲೇಬೇಕು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಬೇಕು. ಒಡೆದದ್ದನ್ನು ತೆಗೆದು, ಪಾಚಿ ಕೆರೆದು, ಗೆದ್ದಲು ಹಿಡಿದ ರೀಪು ಬದಲಿಸಬೇಕು. ವಯಸ್ಸಾದ ತಂದೆ, ಒಂಟಿ ತಾಯಿ ಇರುವ ಮನೆಗಳಲ್ಲಿ ಈ ಕೆಲಸ ಮಗನ ರಜೆಗಾಗಿ ಕಾಯುತ್ತಿತ್ತು. ಆ ರಾತ್ರಿ ಸಿನಿಮಾ ಮುಗಿದು ಲೈಟು ಹಾಕಿದಾಗ ಯಾರೂ ಕೂಡಲೇ ಏಳಲಿಲ್ಲ. ನಾನು ರೀಲು ಹಿಂದಕ್ಕೆ ಸುತ್ತುತ್ತಿದ್ದೆ. ಕಾಶ್ಮೀರದ ಕಡೆ ಮಗನಿದ್ದ ಒಬ್ಬಾಕೆ ನನ್ನ ಹತ್ತಿರ ಬಂದು ನಿಂತರು.

‘ಸೂರು ರಿಪೇರಿ ಆಯ್ತಾ, ಮೇಷ್ಟ್ರೇ?’

ಇಲ್ಲಮ್ಮ, ಹೊತ್ತು ಸಾಲಲಿಲ್ಲ ಅಂದೆ.

‘ಹಂಗಾದ್ರೆ ಆ ಮಳೆಗಾಲ ಆಯಮ್ಮ ಹೆಂಗೆ ಕಳೆದ್ಲು?’

ಆಕೆ ಉತ್ತರಕ್ಕೆ ಕಾಯದೆ ಸೆರಗು ಹೊದ್ದು ಹೊರಟರು. ನನ್ನ ಸಾರಾಂಶದ ಹಾಳೆಯಲ್ಲಿ ಫ್ಯಾಸಿಸಂ ವಿರುದ್ಧದ ಹೋರಾಟ, ಸೋವಿಯತ್ ಯೋಧನ ಮಾನವೀಯತೆ ಅಂತೆಲ್ಲ ಇತ್ತು. ಅವೆಲ್ಲ ನಿಜವೇ. ಆದರೆ ಆಕೆ ಸೂರಿನ ದಾರಿಯಿಂದ ಆ ಸಿನಿಮಾದ ಒಳಗೆ ಹೋಗಿದ್ದರು. ಅವತ್ತಿನಿಂದ ಇವತ್ತಿನವರೆಗೆ ಯುದ್ಧದ ಯಾವ ಸಿನಿಮಾ ನೋಡಿದರೂ, ಗುಂಡು ಹಾರುವ ಜಾಗದಿಂದ ದೂರ ಇರುವವರ ಬಗ್ಗೆ ಇದಕ್ಕೆ ಎಷ್ಟು ಗೊತ್ತು ಎಂದು ಗಮನಿಸುತ್ತೇನೆ. ಹಾಲಿವುಡ್‌ನಲ್ಲಿ ಒಳ್ಳೆಯವು ಇಲ್ಲವೆಂದಲ್ಲ. ಆದರೆ ಅಲ್ಲಿ ಮನೆಯೆಂದರೆ ಸೈನಿಕನ ಜೇಬಿನೊಳಗಿನ ಫೋಟೋ ಆಗಿರುವುದೇ ಹೆಚ್ಚು. ತಮ್ಮ ನೆಲದ ಮೇಲೇ ಯುದ್ಧ ನಡೆದ ದೇಶಗಳ ಸಿನಿಮಾದಲ್ಲಿ ಮನೆಯೂ ರಣರಂಗದ ಒಳಗೇ ಇರುತ್ತದೆ.

‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ ಬಂದಾಗ ದೊಡ್ಡ ಜಗಳವೇ ಆಯಿತು. ಮಿಖಾಯಿಲ್ ಕಲಾತೊಜೊವ್ ಅವರ 1957ರ ಈ ಚಿತ್ರಕ್ಕೆ ಮರುವರ್ಷ ಕಾನ್‌ನಲ್ಲಿ ಪಾಮ್ ದೋರ್ ಬಂದಿತ್ತು. ಬೋರಿಸ್ ಸ್ವಇಚ್ಛೆಯಿಂದ ಯುದ್ಧಕ್ಕೆ ಹೋಗುತ್ತಾನೆ. ಅವನಿಗಾಗಿ ಕಾಯಬೇಕಾದ ವೆರೊನಿಕಾ, ಬಾಂಬಿಗೆ ಅಪ್ಪ ಅಮ್ಮನನ್ನು ಕಳೆದುಕೊಂಡು, ಅವನ ದಾಯಾದಿ ತಮ್ಮನನ್ನೇ ಮದುವೆಯಾಗಬೇಕಾಗುತ್ತದೆ. ರೀಲು ಬದಲಿಸುವ ಹೊತ್ತಿಗೆ ಗಂಡಸರೆಲ್ಲ ಅವಳ ಮೇಲೆ ಕೆಂಡ. ವಕೀಲರೂ ಅವರ ಪಕ್ಷ. ಹೆಂಗಸರ ಸಾಲಿನಿಂದ ಒಬ್ಬರು, ಆ ಹುಡುಗಿಗೆ ಯಾರಿದ್ದರು, ಎಲ್ಲಿ ಹೋಗಬೇಕಿತ್ತು ಅಂತ ತಿರುಗಿ ಕೇಳಿದರು. ನಾನು ಆಗ ಸೆರ್ಗೇಯ್ ಉರುಸೇವ್‌ಸ್ಕಿಯ ಕ್ಯಾಮೆರಾಕ್ಕೆ ಮರುಳಾಗಿದ್ದೆ. ಮೆಟ್ಟಿಲುಗಳ ಜೊತೆ ಸುತ್ತಿಕೊಂಡು ಮೇಲೇರುವ ಕ್ಯಾಮೆರಾ. ಗುಂಡು ತಗುಲಿದ ಬೋರಿಸ್ ಬೀಳುವಾಗ ತಲೆಯ ಮೇಲೆ ತಿರುಗುವ ಬರ್ಚ್ ಮರಗಳು. ಈಗ ನೋಡಿದರೆ ಆ ಕೈಚಳಕಕ್ಕಿಂತ ತತ್ಯಾನಾ ಸಮೋಯ್ಲೋವಾಳ ಮುಖ ದೊಡ್ಡದಾಗಿ ಕಾಣುತ್ತದೆ. ಕೊನೆಯಲ್ಲಿ ಗೆದ್ದು ಬಂದವರ ರೈಲು ನಿಂತಿದೆ, ನಿಲ್ದಾಣವೆಲ್ಲ ಅಪ್ಪುಗೆ, ಚೀರಾಟ. ಬೋರಿಸ್ ಬರುವುದಿಲ್ಲವೆಂದು ಖಚಿತವಾದ ಮೇಲೆ ಅವಳು ಅವನಿಗಾಗಿ ತಂದ ಹೂಗಳನ್ನು ಸಿಕ್ಕಸಿಕ್ಕವರಿಗೆ ಒಂದೊಂದಾಗಿ ಕೊಡುತ್ತ ಹೋಗುತ್ತಾಳೆ. ಗೆಲುವಿನ ದಿನವನ್ನು ಇಷ್ಟು ನ್ಯಾಯವಾಗಿ ತೋರಿಸಿದ ಇನ್ನೊಂದು ದೃಶ್ಯ ನನಗೆ ಗೊತ್ತಿಲ್ಲ.

ಈ ಎರಡೂ ಸಿನಿಮಾ 1953ರಲ್ಲಿ ಸ್ಟಾಲಿನ್ ಸತ್ತ ಮೇಲೆ, ಕ್ರುಶ್ಚೇವ್ ಕಾಲದಲ್ಲಿ ಬಿಗಿ ಸ್ವಲ್ಪ ಸಡಿಲವಾದಾಗ ಹುಟ್ಟಿದವು. ಅದಕ್ಕೆ ಮೊದಲಾಗಿದ್ದರೆ ಅಳುವ ತಾಯಿಯೂ, ಕಾಯಲಾಗದೆ ಹೋದ ಹುಡುಗಿಯೂ ಪರದೆಗೆ ಬರುವುದು ಕಷ್ಟವಿತ್ತು. ಇದರ ಮಾತೇ ನಮ್ಮ ಗೋಡೌನಿನಲ್ಲಿ ಬರುತ್ತಿರಲಿಲ್ಲ. ನಮ್ಮ ಸೊಸೈಟಿಯ ಮಂದಿ ಎಡಕ್ಕೆ ವಾಲಿದವರು; ಮನೆಗಳಲ್ಲಿ ನವಕರ್ನಾಟಕ ಪುಸ್ತಕದಂಗಡಿಯಿಂದ ತಂದ ಅಗ್ಗದ, ಗಟ್ಟಿ ರಟ್ಟಿನ ರಷ್ಯನ್ ಪುಸ್ತಕಗಳು ಇರುತ್ತಿದ್ದವು. ಆ ಪುಸ್ತಕಗಳಿಗೆ, ಆ ಸಿನಿಮಾಗಳಿಗೆ ನಾನು ಇವತ್ತಿಗೂ ಋಣಿ. ಆದರೆ ಅವು ಬಿಟ್ಟ ಜಾಗಗಳೂ ಇದ್ದವು. ಪೋಲೆಂಡಿನ ಆಂದ್ರೆಜ್ ವೈದಾ ಅವರ ‘ಕನಾಲ್’ ಅದಕ್ಕೆ ಸಾಕ್ಷಿ. 1944ರ ವಾರ್ಸಾ ಬಂಡಾಯ ಸೋಲುವಾಗ ಉಳಿದ ಹೋರಾಟಗಾರರು ಚರಂಡಿಯ ಸುರಂಗಕ್ಕೆ ಇಳಿಯುತ್ತಾರೆ. ಕತ್ತಲು, ಕೊಳಕು ನೀರು, ದಾರಿ ತಪ್ಪುವುದು, ಮತಿ ತಪ್ಪುವುದು. ಗಾಯಗೊಂಡ ಹುಡುಗನನ್ನು ಹೊತ್ತುಕೊಂಡು ಒಬ್ಬ ಹುಡುಗಿ ಕೊನೆಗೂ ಬೆಳಕಿನ ಕಿಂಡಿಗೆ ಬಂದು ಮುಟ್ಟುತ್ತಾಳೆ. ಅಲ್ಲಿ ಕಬ್ಬಿಣದ ಸರಳು. ಸರಳಿನಾಚೆ ವಿಸ್ತುಲಾ ನದಿ, ಆಚೆ ದಡ. ನಾವು ಅದನ್ನು ಬರೀ ಹತಾಶೆಯ ಚಿತ್ರವೆಂದು ನೋಡಿದೆವು, ಹಾಗೇ ವಿವರಿಸಿದೆವು. ಪೋಲೆಂಡಿನ ಪ್ರೇಕ್ಷಕರಿಗೆ ಆ ದಡದಲ್ಲಿ ಯಾರಿದ್ದರೆಂದು ಗೊತ್ತಿತ್ತು. ಬಂಡಾಯ ನೆಲಕಚ್ಚುವಾಗ ಸ್ಟಾಲಿನ್ ಸೈನ್ಯ ನದಿಯಾಚೆ ನಿಂತಿತ್ತು. 1957ರಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ವೈದಾ ಕ್ಯಾಮೆರಾವನ್ನು ಆ ಕಡೆ ತಿರುಗಿಸಿ ಹೇಳಿದ್ದರು. ಅವರ ತಂದೆ ಪೋಲಿಷ್ ಸೇನಾಧಿಕಾರಿ, 1940ರ ಕಾಟಿನ್ ಹತ್ಯಾಕಾಂಡದಲ್ಲಿ ಸೋವಿಯತ್ ಪೊಲೀಸರ ಕೈಯಲ್ಲಿ ಸತ್ತವರು. ಅದರ ಮೇಲೆ ಸಿನಿಮಾ ಮಾಡಲು ಅವರು 2007ರವರೆಗೆ ಕಾಯಬೇಕಾಯಿತು. ‘ಬ್ಯಾಲಡ್’ ನೋಡಿದವರು ‘ಕನಾಲ್’ ನೋಡಲೇಬೇಕು ಅಂತ ನಾನು ಹುಡುಗನಿಗೆ ಬರೆದದ್ದು ಇದಕ್ಕೇ.

ಆ ಗೋಡೌನಿನ ನೆನಪುಗಳಲ್ಲೆಲ್ಲ ಗಟ್ಟಿಯಾಗಿ ಉಳಿದದ್ದು ‘ದಿ ಬರ್ಮೀಸ್ ಹಾರ್ಪ್’ ತೋರಿಸಿದ ರಾತ್ರಿ. ಜಪಾನಿನ ಕೊನ್ ಇಚಿಕಾವಾ 1956ರಲ್ಲಿ ಮಾಡಿದ್ದು. ಯುದ್ಧ ಮುಗಿದಿದೆ, ಬರ್ಮಾದಲ್ಲಿ ಸೋತ ಜಪಾನಿ ತುಕಡಿಯೊಂದು ಶರಣಾಗಿ ಊರಿಗೆ ಹೋಗುವ ದಿನ ಕಾಯುತ್ತಿದೆ. ಅವರಲ್ಲಿ ಮಿಜುಶಿಮಾ ಎಂಬವನು ಹಾರ್ಪ್ ನುಡಿಸುವವನು. ಶರಣಾಗಲು ಒಪ್ಪದ ಇನ್ನೊಂದು ತುಕಡಿಯ ಮನವೊಲಿಸಲು ಹೋಗಿ, ಅದು ಆಗದೆ, ಗಾಯಗೊಂಡು, ಭಿಕ್ಕುವಿನ ಬಟ್ಟೆ ತೊಟ್ಟು ತನ್ನವರಿರುವ ಕಡೆಗೆ ನಡೆಯುತ್ತಾನೆ. ದಾರಿಯುದ್ದಕ್ಕೂ ಹೂಳದೆ ಬಿಟ್ಟ ಹೆಣಗಳು. ಮೊದಲು ಮುಖ ತಿರುಗಿಸಿ ದಾಟಿ ಹೋಗುತ್ತಾನೆ. ಆಮೇಲೆ ಹೋಗಲಾಗುವುದಿಲ್ಲ. ವೇಷವಾಗಿದ್ದ ಬಟ್ಟೆ ನಿಜವಾಗುತ್ತದೆ. ಸತ್ತವರನ್ನು ಹೂಳುವುದಕ್ಕಾಗಿ ಅವನು ಬರ್ಮಾದಲ್ಲೇ ಉಳಿಯುತ್ತಾನೆ.

ಅವತ್ತು ಹಿಂದಿನ ಬೆಂಚಿನಲ್ಲಿ ಒಬ್ಬರು ನಿವೃತ್ತ ಹವಾಲ್ದಾರರು ಕೂತಿದ್ದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯದ ಲಾರಿ ಓಡಿಸಿಕೊಂಡು ಇಂಫಾಲದಿಂದ ಬರ್ಮಾದೊಳಗೆ ಹೋದವರು. ಊರಿನಲ್ಲಿ ಅವರು ಹೆಚ್ಚು ಮಾತಿಲ್ಲದ ಮನುಷ್ಯ. ತೋಟದ ರೈಟರಾಗಿದ್ದರು, ಸ್ವಾತಂತ್ರ್ಯ ದಿನಕ್ಕೆ ಶಾಲೆಗೆ ಬಂದು ಧ್ವಜಕ್ಕೆ ಸೆಲ್ಯೂಟ್ ಹೊಡೆದು ಹೋಗುವವರು. ಮಕ್ಕಳು ಯುದ್ಧದ ಕಥೆ ಹೇಳಿ ಅಂದರೆ, ಅದೆಲ್ಲ ದೊಡ್ಡ ದೊರೆಗಳಿಗೆ ಗೊತ್ತು ಅನ್ನುತ್ತಿದ್ದರು. ಸಿನಿಮಾ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಾವೆಲ್ಲ ಕೂತಿದ್ದಾಗ ತಾವಾಗಿಯೇ ಬಂದು ನಮ್ಮ ಬೆಂಚಿಗೆ ಸೇರಿಕೊಂಡರು. ಲೋಟ ಕೈಯಲ್ಲೇ ಆರಿತು.

‘ಮಳೆ ಹಿಡಿದಿತ್ತು. ರಸ್ತೆ ಅನ್ನೋದು ಬರೀ ಕೆಸರು. ಅವರೂ ನಮ್ಮ ಹುಡುಗರ ವಯಸ್ಸಿನವರೇ. ಮರಕ್ಕೆ ಒರಗಿ ಕೂತಂಗೇ ಸತ್ತಿರೋರು. ಗುಂಡಿನ ಗಾಯ ಇರ್ಲಿಲ್ಲ, ಹೊಟ್ಟೆಗಿಲ್ಲದೆ ಸತ್ತಿರೋದು. ನಿಲ್ಲಿಸಬೇಡ, ಹೊಡಿ ಗಾಡಿ ಅಂದ್ರು. ಹೊಡೆದೆ.’

1944ರ ಮಾರ್ಚಿನಿಂದ ಜುಲೈವರೆಗೆ ಇಂಫಾಲ, ಕೊಹಿಮಾದಲ್ಲಿ ನಡೆದ ಕದನಗಳು, ಮಳೆಗಾಲದಲ್ಲಿ ಜಪಾನಿಗಳು ಹಸಿವಿನಿಂದ, ಕಾಯಿಲೆಯಿಂದ ಸಾಲುಸಾಲಾಗಿ ಸಾಯುತ್ತ ಹಿಂದೆ ಸರಿದದ್ದು, ಇದನ್ನೆಲ್ಲ ನಾನು ಆಮೇಲೆ ಪುಸ್ತಕಗಳಲ್ಲಿ ಓದಿದೆ. ಅವರು ಹೇಳಿದ ಒಂದು ಮಾತೂ ಅದರಲ್ಲಿ ತಪ್ಪಿರಲಿಲ್ಲ. ವಕೀಲರು ಏನೋ ಸಮಾಧಾನ ಹೇಳಲು ಹೋದರು. ಹವಾಲ್ದಾರರು ಕೈ ಅಡ್ಡ ಮಾಡಿ, ‘ಆ ಜಪಾನಿ ಮಾಡಿದ್ದು ಸರಿ’ ಅಂದಷ್ಟೇ ಹೇಳಿ ಎದ್ದರು. ನಲವತ್ತು ವರ್ಷ ಹತ್ತಿರ ಊರಿನಲ್ಲಿ ಯಾರೂ ಅವರಿಂದ ಹೊರಡಿಸಲಾಗದ ಮಾತನ್ನು ಜಪಾನಿನ ಸಿನಿಮಾವೊಂದು ಹೊರಡಿಸಿತು. ಎದುರಾಳಿಯಾಗಿದ್ದವನ ಸಿನಿಮಾ ಅದು. ಅವರ ಯುದ್ಧದ ಬಗ್ಗೆ ನಮ್ಮವರು ಮಾಡಿದ್ದು ಅವರ ಮುಂದೆ ಯಾವತ್ತೂ ಬಂದಿರಲಿಲ್ಲ.

ಈಗ ಮತ್ತೆ ನೋಡಿದಾಗ ‘ದಿ ಬರ್ಮೀಸ್ ಹಾರ್ಪ್’ ಮೊದಲಿನಷ್ಟೇ ಮನಸ್ಸು ತಟ್ಟುತ್ತದೆ, ಕೊರತೆಯೂ ಕಾಣುತ್ತದೆ. ಬರ್ಮಾದ ಜನ ಅಲ್ಲಿ ಹೆಚ್ಚಾಗಿ ಹಿನ್ನೆಲೆ. ಜಪಾನಿ ಸೈನ್ಯ ಆ ನೆಲದಲ್ಲಿ ಏನು ಮಾಡಿತು ಅನ್ನುವುದಕ್ಕೆ ಸಿನಿಮಾದಲ್ಲಿ ಜಾಗವಿಲ್ಲ. ಥಾಯ್ಲೆಂಡ್‌ನಿಂದ ಬರ್ಮಾಕ್ಕೆ ರೈಲು ಹಾದಿ ಹಾಕುವಾಗ ಸತ್ತ ಏಷ್ಯಾದ ಕೂಲಿಗಳಲ್ಲಿ ಮಲಯದ ತೋಟಗಳಿಂದ ಹೋದ ತಮಿಳರು ಎಷ್ಟೋ ಮಂದಿ. ಅವರ ಹೆಣಗಳು ಮಿಜುಶಿಮಾನ ದಾರಿಯಲ್ಲಿ ಸಿಗುವುದಿಲ್ಲ. ಇಚಿಕಾವಾ ಮೂರು ವರ್ಷದ ನಂತರ ಮಾಡಿದ ‘ಫೈರ್ಸ್ ಆನ್ ದಿ ಪ್ಲೇನ್’ ಇದರ ಜೊತೆಗಿಟ್ಟು ನೋಡಬೇಕಾದದ್ದು. ಫಿಲಿಪ್ಪೀನ್ಸ್‌ನಲ್ಲಿ ಸೋತು ಚದುರಿದ ಸೈನಿಕರು ಹಸಿವಿನಲ್ಲಿ ಮನುಷ್ಯರನ್ನು ತಿನ್ನುವ ಮಟ್ಟಕ್ಕೆ ಇಳಿಯುವ ಕಥೆ. ಮೊದಲನೆಯದು ಕೊಡುವ ನೆಮ್ಮದಿಯನ್ನು ಎರಡನೆಯದು ಕಿತ್ತುಕೊಳ್ಳುತ್ತದೆ. ಎರಡನ್ನೂ ಒಬ್ಬನೇ ನಿರ್ದೇಶಕ ಮಾಡಿದ ಅನ್ನುವುದೇ ಅವನ ಮೇಲೆ ಗೌರವ ಹುಟ್ಟಿಸುತ್ತದೆ.

ತೊಂಬತ್ತರ ದಶಕ ಬಂತು. ಕೇಬಲ್ ಬಂತು, ವಕೀಲರು ಊರು ಬಿಟ್ಟರು, ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದ ಮೇಲೆ ಅಲ್ಲಿಂದ ರೀಲುಗಳು ಬರುವುದು ನಿಂತಿತು. ಗೋಡೌನು ಈಗ ಮದುವೆ ಛತ್ರ.

ಆ ದಶಕದ ಆರಂಭದಲ್ಲೇ ನಮ್ಮದೇ ‘ಮುತ್ತಿನ ಹಾರ’ ಬಂದಿತ್ತು. ರಾಜೇಂದ್ರಸಿಂಗ್ ಬಾಬು ಅವರ 1990ರ ಚಿತ್ರ, ವಿಷ್ಣುವರ್ಧನ್ ಕೊಡಗಿನ ಯೋಧ, ಸುಹಾಸಿನಿ ನರ್ಸು. ನಮ್ಮ ಕಡೆಯವರು ಅದನ್ನು ತಮ್ಮ ಮನೆಯ ಆಲ್ಬಂ ತೆರೆದಂತೆ ನೋಡಿದರು. ಫಿಲ್ಮ್ ಸೊಸೈಟಿಯ ಕೆಲವರಿಗೆ ಅದು ಸೇರಲಿಲ್ಲ. ಹಾಡು ಜಾಸ್ತಿ, ಅಳು ಜಾಸ್ತಿ ಅಂದರು. ಹಾಡು, ಅಳು ಜಾಸ್ತಿ ಇರುವುದು ನಿಜ. ಆದರೆ ಸಮವಸ್ತ್ರದವನ ಹೆಂಡತಿಯ ಬದುಕು ಹೇಗಿರುತ್ತದೆ ಅನ್ನುವುದನ್ನು ಕನ್ನಡದಲ್ಲಿ ಅಷ್ಟು ಹೊತ್ತು ಕೂತು ನೋಡಿದ ಜನಪ್ರಿಯ ಸಿನಿಮಾ ಇನ್ನೊಂದು ಯಾವುದು? ಹುಡುಗನ ಪಟ್ಟಿಯಲ್ಲಿ ಅದನ್ನು ಜಪಾನಿನ ಚಿತ್ರಗಳ ಕೆಳಗೇ ಬರೆದೆ.

‘ಕಮ್ ಅಂಡ್ ಸೀ’ ನೋಡಿದ್ದು ತಡವಾಗಿ, ಬೆಂಗಳೂರಿನಲ್ಲಿ. ಎಲೆಮ್ ಕ್ಲಿಮೊವ್ ಅವರ 1985ರ ಚಿತ್ರ. ಬೆಲರೂಸಿನ ಹಳ್ಳಿಯ ಹುಡುಗ ಫ್ಲ್ಯೋರಾ ಮರಳಿನಿಂದ ಬಂದೂಕು ಅಗೆದು ತೆಗೆದು, ಖುಷಿಯಿಂದ ಗೆರಿಲ್ಲಾ ಪಡೆ ಸೇರುತ್ತಾನೆ. ಕೆಲವೇ ದಿನಗಳಲ್ಲಿ ಅವನ ಮುಖ ಮುದುಕನದಾಗುತ್ತದೆ. ನಾಜಿಗಳು ಊರಿಗೂರನ್ನೇ ಮರದ ಕಟ್ಟಡವೊಂದಕ್ಕೆ ತುಂಬಿ ಬೆಂಕಿ ಹಚ್ಚುವ ದೃಶ್ಯದಲ್ಲಿ ನನ್ನ ಪಕ್ಕದವರು ಎದ್ದು ಹೊರಗೆ ಹೋದರು. ಜನರ ಸಮೇತ ಸುಟ್ಟ ಬೆಲರೂಸಿನ ಹಳ್ಳಿಗಳು 628 ಎಂದು ಕೊನೆಗೆ ಪರದೆಯ ಮೇಲೆ ಬರುತ್ತದೆ. ಚಿತ್ರಕಥೆ ಬರೆದ ಅಲೆಸ್ ಆದಮೊವಿಚ್ ಹುಡುಗನಾಗಿದ್ದಾಗ ಅದೇ ನೆಲದ ಗೆರಿಲ್ಲಾ ಪಡೆಯಲ್ಲಿದ್ದವರು, ಬದುಕುಳಿದವರ ಮಾತುಗಳನ್ನು ಸಂಗ್ರಹಿಸಿದವರು. ಇದಾದ ಮೇಲೆ ಕ್ಲಿಮೊವ್ ಇನ್ನೊಂದು ಸಿನಿಮಾ ಮಾಡಲಿಲ್ಲ.

ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಮೊದಲು ಹೇಳುವುದು ಈ ಸಿನಿಮಾವನ್ನೇ. ಹುಡುಗನೂ ಇದರ ಹೆಸರು ಕೇಳಿದ್ದ. ಇದು ದೊಡ್ಡ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಸ್ಟೆಲ್ ರೂಮಿನಲ್ಲಿ, ಫೋನಿನಲ್ಲಿ, ಒಬ್ಬನೇ ಕೂತು ಇದರಿಂದ ಶುರು ಮಾಡಬೇಡ ಅಂದೆ. ಎಷ್ಟು ಭಯಾನಕವಾಗಿದೆ ನೋಡೋಣ ಎಂಬ ಪಂಥಕ್ಕೆ ಇದನ್ನು ನೋಡುವವರಿದ್ದಾರೆ. ಹಾಗೆ ನೋಡಿದರೆ ಕೊನೆಯ ದೃಶ್ಯ ಕೈತಪ್ಪುತ್ತದೆ. ಕೆಸರಿನಲ್ಲಿ ಬಿದ್ದ ಹಿಟ್ಲರನ ಪಟಕ್ಕೆ ಹುಡುಗ ಗುಂಡು ಹಾರಿಸುತ್ತ ಹೋಗುತ್ತಾನೆ. ಒಂದೊಂದು ಗುಂಡಿಗೂ ಇತಿಹಾಸದ ಚಿತ್ರಗಳು ಹಿಂದುಹಿಂದಕ್ಕೆ ಓಡಿ, ತಾಯಿಯ ತೊಡೆಯ ಮೇಲಿನ ಕೂಸು ಹಿಟ್ಲರನ ಫೋಟೋದ ಮುಂದೆ ನಿಲ್ಲುತ್ತವೆ. ಅಲ್ಲಿ ಅವನ ಬೆರಳು ನಿಲ್ಲುತ್ತದೆ. ಅಷ್ಟೆಲ್ಲ ಅನುಭವಿಸಿದ ಮೇಲೂ ಅವನಲ್ಲಿ ಮನುಷ್ಯ ಉಳಿದಿದ್ದಾನೆ ಎಂದು ತೋರಿಸುವುದಕ್ಕೇ ಕ್ಲಿಮೊವ್ ಎರಡೂಕಾಲು ಗಂಟೆ ತೆಗೆದುಕೊಂಡಿದ್ದಾರೆ.

ಕ್ಲಿಮೊವ್ ಹೆಂಡತಿ ಲಾರಿಸಾ ಶೆಪಿತ್ಕೋ ಅವರ ‘ದಿ ಅಸೆಂಟ್’ಅನ್ನು ನಾನು ಇದಕ್ಕಿಂತ ಮೇಲಿಡುತ್ತೇನೆ. 1977ರಲ್ಲಿ ಬರ್ಲಿನ್ ಉತ್ಸವದ ಚಿನ್ನದ ಕರಡಿ ಗೆದ್ದ ಚಿತ್ರ. ಎರಡು ವರ್ಷದ ಮೇಲೆ ಆಕೆ ಕಾರು ಅಪಘಾತದಲ್ಲಿ ತೀರಿಕೊಂಡರು, ಇನ್ನೂ ನಲವತ್ತೊಂದು ವರ್ಷ. ಹಿಮದಲ್ಲಿ ಆಹಾರ ಹುಡುಕಿ ಹೊರಟ ಇಬ್ಬರು ಗೆರಿಲ್ಲಾಗಳು ಸಿಕ್ಕಿಬೀಳುತ್ತಾರೆ. ರೋಗಿಷ್ಠನಾದ ಮೇಷ್ಟ್ರು ಬಾಯಿ ಬಿಡದೆ ನೇಣಿಗೆ ಹೋಗುತ್ತಾನೆ. ಧೈರ್ಯವಂತನೂ ಗಟ್ಟಿಗನೂ ಆದವನು ಬದುಕುವ ಆಸೆಗೆ ಶತ್ರುವಿನ ಪೊಲೀಸ್ ಕೆಲಸಕ್ಕೆ ಸೇರುತ್ತಾನೆ. ಅವನನ್ನು ಖಳನೆಂದು ತಳ್ಳಿಹಾಕಲು ಶೆಪಿತ್ಕೋ ಬಿಡುವುದಿಲ್ಲ. ಅವರಿಗೆ ಆಶ್ರಯ ಕೊಟ್ಟ ತಪ್ಪಿಗೆ ಮೂರು ಪುಟ್ಟ ಮಕ್ಕಳ ತಾಯಿಯೂ ನೇಣಿಗೇರುತ್ತಾಳೆ. ಸೈನಿಕರ ಹಾಡು ಹಾಡುವವರು ಆಕೆಯ ಹಾಡನ್ನೂ ಹಾಡಬೇಕು.

ವಿಯೆಟ್ನಾಂ ಯುದ್ಧದ ಸಿನಿಮಾ ಅಂದರೆ ನಮಗೆಲ್ಲ ನೆನಪಾಗುವುದು ಹೆಲಿಕಾಪ್ಟರಿನಿಂದ ಕೆಳಗೆ ಕಾಣುವ ಗದ್ದೆ, ಅಲ್ಲಿ ಓಡುವ ಸಣ್ಣ ಸಣ್ಣ ಆಕೃತಿಗಳು. ವಿಯೆಟ್ನಾಮಿನವರೇ ಆದ ನ್ಗುಯೆನ್ ಹಾಂಗ್ ಸೆನ್ 1979ರಲ್ಲಿ ‘ದಿ ಅಬ್ಯಾಂಡನ್ಡ್ ಫೀಲ್ಡ್’ ಮಾಡಿದರು. ಅದರ ಮಸುಕಾದ ಪ್ರತಿಯೊಂದನ್ನು ಇತ್ತೀಚೆಗೆ ಯೂಟ್ಯೂಬಿನಲ್ಲಿ ನೋಡಿದೆ. ಮೆಕಾಂಗ್ ಮುಖಜಭೂಮಿಯ ನೀರು ನಿಂತ ಬಯಲಿನಲ್ಲಿ ಒಂದು ಗುಡಿಸಲು, ಗಂಡ, ಹೆಂಡತಿ, ಒಂದು ಕೂಸು. ಹೋರಾಟಗಾರರ ಸಂಪರ್ಕದ ದಾರಿ ಕಾಯುವುದು ಅವರ ಕೆಲಸ. ಭತ್ತ ನೆಡುತ್ತಾರೆ, ಮೀನು ಹಿಡಿಯುತ್ತಾರೆ, ಗಂಡ ಹೆಂಡಿರ ಜಗಳವೂ ನಡೆಯುತ್ತದೆ. ಹೆಲಿಕಾಪ್ಟರು ಬಂದಾಗ ಇಬ್ಬರೂ ನೀರಿನಲ್ಲಿ ಮುಳುಗಬೇಕು. ಕೂಸಿಗೆ ಉಸಿರು ಹಿಡಿಯಲು ಬರುವುದಿಲ್ಲವಲ್ಲ. ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಬಾಯಿ ಬಿಗಿದು, ಚೀಲದ ಸಮೇತ ಮುಳುಗಿಸುತ್ತಾರೆ. ಎಷ್ಟೋ ವರ್ಷ ಮೇಲಿನಿಂದ ನೋಡಿದ ಯುದ್ಧವನ್ನು ಆ ದಿನ ನೀರಿನ ಮಟ್ಟದಿಂದ ತಲೆಯೆತ್ತಿ ನೋಡಿದೆ. ಹೆಲಿಕಾಪ್ಟರ್ ಉರುಳಿದ ಮೇಲೆ ಅಮೆರಿಕನ್ ಪೈಲಟ್‌ನ ಹತ್ತಿರ ಅವನ ಹೆಂಡತಿ ಮಗುವಿನ ಫೋಟೋ ಸಿಗುತ್ತದೆ. ಅವನ ಮನೆಯನ್ನೂ ಈ ಸಿನಿಮಾ ಮರೆತಿಲ್ಲ.

2002ರಲ್ಲಿ ‘ಲಗಾನ್’ಗೆ ಆಸ್ಕರ್ ತಪ್ಪಿದಾಗ ಗೆದ್ದ ಚಿತ್ರದ ಹೆಸರನ್ನು ನಮ್ಮಲ್ಲಿ ಬಹಳ ಜನ ನೆನಪಿಟ್ಟುಕೊಳ್ಳಲಿಲ್ಲ. ಅದು ಬೋಸ್ನಿಯಾದ ಡಾನಿಸ್ ತಾನೊವಿಚ್ ಅವರ ‘ನೋ ಮ್ಯಾನ್ಸ್ ಲ್ಯಾಂಡ್’. ಬೆನ್ನ ಕೆಳಗೆ ಮೈನು ಇಟ್ಟಿರುವ ಸೈನಿಕ ಮಲಗಿದ್ದಾನೆ, ಎದ್ದರೆ ಸಿಡಿಯುತ್ತದೆ. ಎರಡು ಕಡೆಯವರು, ವಿಶ್ವಸಂಸ್ಥೆ, ಟೀವಿಯವರು ಎಲ್ಲ ಬಂದು ಎಲ್ಲ ಹೋಗುತ್ತಾರೆ. ಅವನು ಅಲ್ಲೇ ಇರುತ್ತಾನೆ. ‘ಲಗಾನ್’ ನನಗೂ ಪ್ರೀತಿಯ ಸಿನಿಮಾ, ಆದರೆ ಅವತ್ತಿನ ತೀರ್ಪು ಸರಿಯಾಗಿತ್ತು.

ಹುಡುಗ ‘ಬ್ಯಾಲಡ್’ ನೋಡಿದ. ರಷ್ಯಾದ ಮಾಸ್‌ಫಿಲ್ಮ್ ಸ್ಟುಡಿಯೋದವರು ತಮ್ಮ ಹಳೆಯ ಚಿತ್ರಗಳನ್ನು ಅಡಿಬರಹದ ಜೊತೆ ಯೂಟ್ಯೂಬಿಗೆ ಹಾಕಿರುವುದರಿಂದ ಹುಡುಕುವ ಕಷ್ಟವಿಲ್ಲ. ನೋಡಿದವನು ಫೋನು ಮಾಡಿ ಅರ್ಧ ಗಂಟೆ ಮಾತಾಡಿದ. ಮಾತಿನ ನಡುವೆ ಹವಾಲ್ದಾರರ ಕಥೆಯೂ ಬಂತು. ಕೊನೆಗೆ, ಬರ್ಮಾಕ್ಕೆ ಹೋದ ನಮ್ಮವರ ಮೇಲೆ ಇಂಥದ್ದೊಂದು ಸಿನಿಮಾ ಕನ್ನಡದಲ್ಲಿ ಇದೆಯಾ ಅಂತ ಕೇಳಿದ. ನಾನು ನೋಡಿದ್ದರಲ್ಲಿ ಇಲ್ಲ ಅಂದೆ. ಎರಡನೇ ಮಹಾಯುದ್ಧದಲ್ಲಿ ಭಾರತದಿಂದ ಸೈನ್ಯಕ್ಕೆ ಸೇರಿದವರು ಸುಮಾರು 25 ಲಕ್ಷ. ನಮ್ಮ ಹಳ್ಳಿಗಳಿಂದ ಹೋದ ಡ್ರೈವರುಗಳು, ಅಡುಗೆಯವರು, ಹೇಸರಗತ್ತೆ ಹೊಡೆಯುವವರು, ವೈರು ಎಳೆಯುವವರು ಆ ಲೆಕ್ಕದಲ್ಲಿದ್ದಾರೆ. ಹವಾಲ್ದಾರರು ಹೋಗಿ ಬಹಳ ಕಾಲವಾಯಿತು. ಆದರೆ ಅವರ ಮಗಳು ಇದ್ದಾರೆ, ಎಂಬತ್ತರ ಹತ್ತಿರ. ಟ್ರಂಕಿನಲ್ಲಿ ಅಪ್ಪನ ಪೇಬುಕ್ಕು, ಡಿಸ್ಚಾರ್ಜ್ ಪತ್ರ, ಬರ್ಮಾ ಸ್ಟಾರ್ ಪದಕ ಇವೆ. ಆ ಯುದ್ಧದ ವರ್ಷಗಳಲ್ಲಿ ತಮ್ಮ ಅಜ್ಜಿ ಹೇಗೆ ಸಂಸಾರ ನಡೆಸಿದರು ಅನ್ನುವುದು ಆಕೆಯ ಬಾಯಲ್ಲಿದೆ. ಇಂಥ ಟ್ರಂಕುಗಳು ಕೊಡಗು, ಹಾಸನ, ಮೈಸೂರಿನ ಮನೆಗಳಲ್ಲಿ ಇನ್ನೂ ಇರಬೇಕು. ಸಿನಿಮಾ ಮಾಡುವ ನಮ್ಮ ಹುಡುಗ ಹುಡುಗಿಯರು ಯಾರಾದರೂ ಈ ಮಳೆಗಾಲ ಮುಗಿದ ಕೂಡಲೇ ಹೋಗಿ ಆಕೆಯ ಎದುರು ಕೂರಲಿ. ಮನೆ ತೋರಿಸಲು ನಾನು ಬರುತ್ತೇನೆ.